ಕೋವಿಯವರ ಎಡಗಿವಿ

ಚುನಾವಣೆ ಬಂತೆಂದರೆ ಅರಕಲಗೂಡು, ಹೊಳೆನರಸೀಪುರ ಕಡೆಯ ಬೆಳೆ ರಕ್ಷಣೆ ಕೋವಿಗಳು ಪೊಲೀಸ್ ಠಾಣೆಗೆ ಬರುತ್ತವೆ. ವರದಿಗೆ ಹೋದ ನಾವು ಮಾತನಾಡಿಸಿದರೆ ಕೆಲವು ಹಿರಿಯರು ಬಲಗಿವಿಯನ್ನೇ ನಮ್ಮತ್ತ ತಿರುಗಿಸುತ್ತಾರೆ. ಬಲ ಭುಜಕ್ಕೆ ಕೋವಿ ಒತ್ತಿ ಹೊಡೆಯುವಾಗ ಎಡಗಿವಿ ನಳಿಕೆಯ ಬಾಯಿಗೆ ಹತ್ತಿರ. ಬಲಗಿವಿಗೆ ತಲೆಯೇ ಮರೆ.

ಕೋವಿಯ ಸದ್ದು 140 ಡೆಸಿಬಲ್ ದಾಟುತ್ತದೆ. ಒಂದೇ ಈಡಿಗೂ ಕಿವಿ ಕೆಡಬಹುದು, ಕೆಟ್ಟದ್ದು ಮರಳಿ ಬಾರದು.

ಹತ್ತಿ ತುರುಕಿಕೊಂಡರೆ ಸಾಲದು. ಸ್ಪಂಜಿನ ಇಯರ್‌ಪ್ಲಗ್ ಅಗ್ಗ, ಚೆನ್ನಾಗಿಯೇ ತಡೆಯುತ್ತದೆ. ಪಕ್ಕದ ಕೊಡಗಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋಗುವವರಿಗೆ ಅಷ್ಟು ಸಾಕು. ರಾತ್ರಿ ಜೋಳದ ಹೊಲ ಕಾಯುತ್ತಾ ಗಾಳಿಗೆ ಗುಂಡು ಹಾರಿಸುವವರ ಕಥೆ ಬೇರೆ. (ಬೇಟೆಯ ಮಾತು ಬೇಡ, 1972ರ ಕಾಯ್ದೆ ಇದೆ.) ಹಂದಿ ದಂಟು ಮುರಿಯುವುದು, ಆನೆ ಬಂದ ಸುಳಿವು ಕೇಳಿಸದಿದ್ದರೆ ಪ್ರಾಣಕ್ಕೇ ಸಂಚಕಾರ. ಎಲೆಕ್ಟ್ರಾನಿಕ್ ಇಯರ್‌ಬಡ್ ಬೇಕಾಗುವುದು ಇಲ್ಲೇ. ಅದರ ಮೈಕು ಸಣ್ಣ ಸದ್ದನ್ನು ಒಳಗೆ ಬಿಡುತ್ತದೆ, ಗುಂಡಿನ ಸದ್ದನ್ನು ಬಿಡುವುದಿಲ್ಲ.

ಹಾಸನ, ಚನ್ನರಾಯಪಟ್ಟಣದ ಮೊಬೈಲ್ ಅಂಗಡಿಯಲ್ಲಿ ತೋರಿಸುವ ಹಾಡು ಕೇಳುವ ಬಡ್ ಇದಲ್ಲ, ಡಬ್ಬದ ಮೇಲೆ ನಾಯ್ಸ್ ಕ್ಯಾನ್ಸಲಿಂಗ್ ಎಂದು ಎಷ್ಟೇ ದಪ್ಪಗೆ ಬರೆದಿರಲಿ. ಎನ್‌ಆರ್‌ಆರ್ ಎಂಬ ಅಂಕಿ ಹುಡುಕಿ. ಅದು 20ಕ್ಕಿಂತ ಕಡಿಮೆಯಿದ್ದರೆ ನಾವಂತೂ ಕೊಳ್ಳುವುದಿಲ್ಲ. ಕಿವಿಯಲ್ಲಿ ಬಿಗಿಯಾಗಿ ಕೂರದಿದ್ದರೆ ಆ ಅಂಕಿಗೂ ಬೆಲೆಯಿಲ್ಲ. ಬೇರೆ ಬೇರೆ ಅಳತೆಯ ರಬ್ಬರ್ ತುದಿ ಹಾಕಿ ನೋಡಿ. ರಾತ್ರಿಯಿಡೀ ಚಾರ್ಜ್ ನಿಲ್ಲುತ್ತದೆಯೇ ಎಂದೂ ಕೇಳಿ. ಚಾರ್ಜ್ ಮುಗಿದರೆ ಅದು ಬರೀ ಬಿರಡೆ: ಗುಂಡಿನ ಸದ್ದು ತಡೆದೀತು, ಆನೆ ಬಂದದ್ದು ಕೇಳಿಸದು.