ಹಂಚಿನ ಲೆಕ್ಕ

ಮೊನ್ನೆ ಅಂಕೋಲೆಯಿಂದ ಅಕ್ಕ ಫೋನು ಮಾಡಿದ್ದಳು. ಕ್ಷೇಮ ಸಮಾಚಾರ ಎಲ್ಲಾ ಮುಗಿದ ಮೇಲೆ ಮೆಲ್ಲಗೆ ಕೇಳ್ದಳು, "ಅಲ್ವೇ, ಆ ಹಳೇ ಮನೆ ಮಾಡಿಗೆ ನಿನ್ನ ಪೋಸ್ಟಾಫೀಸಿನ ದುಡ್ಡು ಪೂರಾ ಹಾಕಿದ್ಯಂತೆ. ಮಳ್ಳಾ ನಿಂಗೆ? ಮನೆ ಯಾರ ಹೆಸ್ರಲ್ಲಿ ಅದೆ?"

ಹಾಕಿದ್ದು ಹೌದು. ಮನೆ ನನ್ನ ಹೆಸ್ರಲ್ಲಿ ಇಲ್ಲದ್ದೂ ಹೌದು. ಆಗ ಕುಕ್ಕರು ಕೂಗ್ತಾ ಇತ್ತು, ಪೂರಾ ಹೇಳೂಕೆ ಆಗಲಿಲ್ಲ. ಅವಳೊಬ್ಬಳೇ ಅಲ್ಲ, ಹಿಂದಿನಿಂದ ಇನ್ನೂ ನಾಲ್ಕು ಜನ ಕೇಳಿದ್ದಾರೆ ಅಂತ ಗೊತ್ತು. ಅದ್ಕೇ ಇಲ್ಲೇ ಬರ್ದುಬಿಡ್ತೇನೆ.

ಸದಾಶಿವಗಡದ ನಮ್ಮ ಮನೆ ನೋಡಿದವ್ರಿಗೆ ಗೊತ್ತು. ಚಿರೇಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಮುಂದೆ ಜಗಲಿ, ಹಿಂದೆ ಅಡಿಗೆಮನೆ, ಬಚ್ಚಲು. ಮಾವನ ಅಪ್ಪ ಕಟ್ಟಿಸಿದ್ದು. ಅತ್ತೆ ಮದುವೆಯಾಗಿ ಬರೂವಾಗ ಕಾಳಿ ನದಿಗೆ ಸೇತುವೆಯೇ ಇರ್ಲಿಲ್ಲ, ಕೋಡಿಬಾಗದಿಂದ ತಾರಿ ದಾಟಿ ಬಂದದ್ದು. ಮನೆಯ ಹಂಚು ಕೂಡ ಮಚವೆಯ ಮೇಲೇ ಬಂದದ್ದಂತೆ. ಈಗ ಹಂಚು ಕೆಳಗಿಳಿಸಿದಾಗ ಬೆನ್ನ ಮೇಲೆ ಕಾರ್ಖಾನೆಯ ಹೆಸರು ಒತ್ತಿದ್ದು ಕಂಡಿತು. ಮಂಗಳೂರಲ್ಲಿ ಬಾಸೆಲ್ ಮಿಷನ್ನಿನವ್ರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ಅದರ ಹಿಂದೆ ಎಷ್ಟೋ ಕಾರ್ಖಾನೆ ಆದವು. ನಮ್ಮದು ಯಾವುದು ಅಂತ ಓದೂಕೆ ಬರೂದಿಲ್ಲ, ಅಕ್ಷರ ತೇದು ಹೋಗಿದೆ. ಹಂಚು ಮಾತ್ರ ಬಡಿದ್ರೆ ಇನ್ನೂ ಠಣ್ ಅಂತದೆ.

ನಮ್ಮ ಕಡೆ ಮಳೆ ಅಂದ್ರೆ ನಿಮ್ಗೆ ಹೇಳೂದು ಬೇಡ. ವರ್ಷಕ್ಕೆ ಹತ್ತಿರ ಹತ್ತಿರ 3000 ಮಿಲಿಮೀಟರು, ಅದ್ರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಾಲ್ಕೇ ತಿಂಗಳಲ್ಲಿ. ನಾನು ಬಂದಾಗ ಮನೆ ಎರಡು ಕಡೆ ಸೋರ್ತಿತ್ತು. ಹೋದ ವರ್ಷ ಒಂಬತ್ತು ಕಡೆ. ಯಾವ ಪಾತ್ರೆ ಎಲ್ಲಿ ಇಡೂದು ಅಂತ ಕಣ್ಣು ಮುಚ್ಚಿದ್ರೂ ಹೇಳ್ತಿದ್ದೆ. ಅತ್ತೆಯ ಮಂಚದ ಕಾಲ ಹತ್ತಿರ ಹಿತ್ತಾಳೆ ಬೋಗುಣಿ, ದೇವರ ಕೋಣೆಯ ಬಾಗಿಲಿಗೆ ಪ್ಲಾಸ್ಟಿಕ್ ಬಾಲ್ದಿ, ಕರೆಂಟಿನ ಮೀಟರಿನ ಕೆಳಗೆ ಒಂದು ಹಳೇ ದೋಸೆಹಿಟ್ಟಿನ ಪಾತ್ರೆ. ಮೀಟರಿನ ಕೆಳಗಿಂದು ನೋಡುವಾಗೆಲ್ಲ ಎದೆ ಢವ ಢವ.

ಮಕ್ಕಳದ್ದು ಒಂದೇ ಮಾತು, ಕೆಡವಿ ಸ್ಲ್ಯಾಬು ಹಾಕಿ ಅಂತ. ಆಚೆಮನೆಯವ್ರ ಹಾಗೆ ಮೇಲಿಂದ ಶೀಟು ಹೊದೆಸಿದ್ರೆ ಮುಗೀತು ಅಂತ ನಮ್ಮನೆಯವ್ರು. ನಾನು ಸುಮ್ಮನೆ ಇದ್ದೆ. ಎಂತಕ್ಕೆ ಅಂದ್ರೆ, ಈ ಮನೆಗೆ ಒಂದ್ಸಲ ದುಡ್ಡು ಹಾಳು ಮಾಡಿಸಿದವಳು ನಾನೇ. ಹನ್ನೆರಡು ವರ್ಷದ ಹಿಂದೆ ಎಲ್ಲರ ಮನೆಯಲ್ಲೂ ಹೊಳೆಯೂ ಟೈಲ್ಸು ಬಂತು ಅಂದ್ಕಂಡು ನಮ್ಮ ಜಗಲಿಗೂ ಒಳಗೂ ಅದೇ ಹಾಕ್ಸಿದೆ. ಸುಣ್ಣ ಕೆರೆದು ಗೋಡೆಗೆ ಸಿಮೆಂಟು ಗಿಲಾಯಿ, ಅದ್ರ ಮೇಲೆ ಪ್ಲಾಸ್ಟಿಕ್ ಪೇಂಟು. ಚೌತಿಗೆ ಬಂದವ್ರೆಲ್ಲ ಚಲೋ ಆಯ್ತು ಅಂದ್ರು. ಮಳೆಗಾಲ ಬಂತು ನೋಡಿ. ನೆಲ ಬೆವರೂಕೆ ಶುರು. ಅತ್ತೆ ಜಾರಿ ಬಿದ್ದು ಮಣಿಕಟ್ಟು ಮುರ್ಕಂಡ್ರು. ಚಿರೇಕಲ್ಲು ನೀರು ಕುಡೀತದೆ, ಆಮೇಲೆ ಹೊರಗೆ ಬಿಡ್ತದೆ. ಸುಣ್ಣ ಆದ್ರೆ ಬಿಡೂಕೆ ದಾರಿ ಕೊಡ್ತದೆ, ಪೇಂಟು ಕೊಡೂದಿಲ್ಲ. ಪೇಂಟು ಗುಳ್ಳೆ ಎದ್ದು ಹಪ್ಪಳದ ಹಾಗೆ ಕಳಚಿ ಬಿತ್ತು. ಅದ್ಕೂ ಮೊದಲು ಬಚ್ಚಲಿಗೆ ಹಾಕಿದ ಸಣ್ಣ ಸ್ಲ್ಯಾಬಿನ ಕತೆ ಇನ್ನೊಂದು. ಅಳಿವೆ ಬದಿಯ ಉಪ್ಪು ಮರಳು ಹಾಕಿದ್ರಂತೆ, ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ ಸಿಮೆಂಟನ್ನೇ ಒಡೆದು ಹೊರಗೆ ಬಂತು. ಮನೆಯ ಹೊಸಾ ಭಾಗವೇ ಮೊದಲು ಹಾಳಾದದ್ದು. ಮಕ್ಕಳು ಸ್ಲ್ಯಾಬು ಸ್ಲ್ಯಾಬು ಅಂದಾಗೆಲ್ಲ ನಾನು ಆ ಬಚ್ಚಲ ಕಡೆ ಕೈ ತೋರಿಸ್ತಿದ್ದೆ.

ಕಡೆಗೂ ನಿರ್ಧಾರ ಮಾಡಿದ್ದು 2024ರ ಆಗಸ್ಟ್ 7ರ ರಾತ್ರಿ. ಕಾಳಿಯ ಹಳೇ ಸೇತುವೆ ಕುಸಿದ ರಾತ್ರಿ. ನಡುರಾತ್ರಿ ಕಳೆದಿತ್ತು, ಮಳೆಯ ಸದ್ದಿನಲ್ಲಿ ನಂಗೆ ಬೇರೇನೂ ಕೇಳಲಿಲ್ಲ. ಫೋನಿನ ಮೇಲೆ ಫೋನು ಬಂದ ಮೇಲೇ ಗೊತ್ತಾದದ್ದು. ಲಾರಿ ನದಿಗೆ ಬಿತ್ತು, ಚಾಲಕನನ್ನ ಬದುಕಿಸಿ ಮೇಲೆ ತಂದ್ರು, ದೇವರು ದೊಡ್ಡವ. ಹೊಸಾ ಸೇತುವೆ ಗಟ್ಟಿ ನಿಂತಿತ್ತು. ಆದ್ರೂ ಬೆಳಿಗ್ಗೆ ದಂಡೆಗೆ ಹೋಗಿ ನೋಡಿದಾಗ ಕೈಕಾಲು ತಣ್ಣಗಾಯ್ತು. ನಾನು ಮದುಮಗಳಾಗಿ ಬಂದ ಸೇತುವೆ ಅದು. ಆಗಿನ್ನೂ ಹೊಸತು. ನಲವತ್ತು ವರ್ಷ ದಾಟಿದ್ದಷ್ಟೇ, ನಮ್ಮ ಮಾಡಿನ ಅರ್ಧ ವಯಸ್ಸೂ ಆಗಿರ್ಲಿಲ್ಲ. ಆ ದಿನ ರಾತ್ರಿ ಅತ್ತೆಯ ಮಂಚದ ಮೇಲಿನ ತೊಲೆ ನೋಡ್ತಾ ನಿದ್ದೆ ಬರ್ಲಿಲ್ಲ.

ಮಳೆ ನಿಂತ ಮೇಲೆ ಆಚಾರಿಯನ್ನ ಕರೆಸಿದೆ. ವಯಸ್ಸಾದವ್ರು, ಮಾತು ಕಮ್ಮಿ. ಏಣಿ ಹತ್ತಿ ಸ್ಕ್ರೂಡ್ರೈವರಲ್ಲಿ ಒಂದೊಂದೇ ಪಕಾಸಿಗೆ ಚುಚ್ಚಿ ನೋಡಿದ್ರು. ನಡುವೆ ಚುಚ್ಚಿದ್ರೆ ಕಬ್ಬಿಣ. ಗೋಡೆಯ ಮೇಲೆ ಕೂತ ತುದಿಯಲ್ಲಿ ಚುಚ್ಚಿದ್ರೆ ಹಿಡಿಯ ತನಕ ಒಳಗೆ. ಒರಲೆ. "ಮನೆ ಹಾಳಾಗ್ಲಿಲ್ಲ ಅಮ್ಮಾ, ಮನೆಯ ಅಂಚು ಹಾಳಾಗಿದೆ" ಅಂದ್ರು. ಗೋಡೆಯ ಮೇಲಿನ ಅಡ್ಡ ಮರ ಪೂರಾ ಬದಲು, ಪಕಾಸು ಮೂರರಲ್ಲಿ ಒಂದು ಪಾಲು ಬದಲು, ರೀಪು ಎಲ್ಲಾ ಹೊಸತು. ಹಂಚು ಇಳಿಸಿ ತೊಳೆದು ಅದನ್ನೇ ಹೊದೆಸೂದು. ಒಡೆದದ್ದಕ್ಕೆ ಮಾತ್ರ ಹಳೇ ಹಂಚನ್ನೇ ಹುಡುಕ್ಬೇಕು, ಅದೂ ಅದೇ ಅಚ್ಚಿಂದು. ಬೇರೆ ಅಚ್ಚಿನ ಹಂಚು ಒಂದಕ್ಕೊಂದು ಕಚ್ಚಿ ಕೂರೂದಿಲ್ಲ, ಅಲ್ಲೇ ಸೋರೂದು. ಇದು ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ. ಪ್ರತಿ ವರ್ಷ ಸಿಕ್ಕ ಸಿಕ್ಕ ಹಂಚು ತುರುಕಿ ಸೋರೂದನ್ನ ನಾವೇ ಹೆಚ್ಚು ಮಾಡ್ಕಂಡಿದ್ದು.

ದುಡ್ಡಿನ ಮಾತು ಬಂದಾಗ ಎಲ್ಲರೂ ಮೇಲೆ ನೋಡಿದ್ರು. ಮನೆ ಪಂಚಾಯ್ತಿ ಪುಸ್ತಕದಲ್ಲಿ ಇನ್ನೂ ಮಾವನ ಹೆಸ್ರಲ್ಲೇ ಅದೆ. ಮಾವ ಹೋಗಿ ಹದಿನೈದು ವರ್ಷ. ಅತ್ತೆ, ಮುಂಬಯಿ ಭಾವ, ನಮ್ಮನೆಯವ್ರು, ಗೋವೆಯ ಮೈದುನ, ನಾದ್ನಿ, ಇಷ್ಟು ಜನರದ್ದು. ಹೆಣ್ಣುಮಗಳಿಗೂ ಸರೀ ಪಾಲು ಅಂತ 2005ರಲ್ಲಿ ಕಾನೂನನ್ನೇ ತಿದ್ದಿದ್ದಾರೆ, ನಾದ್ನಿಯದ್ದು ಯಾರೂ ಇಲ್ಲ ಅನ್ನೂಕೆ ಆಗೂದಿಲ್ಲ, ನಂಗೆ ಅನ್ನೂ ಮನಸ್ಸೂ ಇಲ್ಲ. ಗಂಡ ಇರುವ ಸೊಸೆಗೆ ಮಾತ್ರ ಅದ್ರಲ್ಲಿ ಜಾಗ ಇಲ್ಲ. ಸೋರುವ ನೀರು ಒರೆಸೂದು ಸೊಸೆ.

ಆ ಹೊತ್ತಿಗೆ ಸರಿಯಾಗಿ ನನ್ನ ಪೋಸ್ಟಾಫೀಸಿನ ಆರ್.ಡಿ. ಮುಗಿಯೂಕೆ ಬಂದಿತ್ತು. ತಿಂಗಳಿಗೆ 1500ರ ಹಾಗೆ ಐದು ವರ್ಷ. ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ ಮಾರಿ ಕಟ್ಟಿದ್ದು. ಕೈಗೆ 1,04,000 ಬಂತು. ಅದನ್ನ ಎಂತ ಮಾಡೂದು ಅಂತ ಒಂದು ವಾರ ಯಾರಿಗೂ ಹೇಳಲಿಲ್ಲ.

ಒಂದು ಸಂಜೆ ಅತ್ತೆಗೆ ತಲೆ ಬಾಚ್ತಾ ಹೇಳ್ದೆ. ಅವ್ರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ರು, "ಈ ಅಡಿಗೆಮನೆ ನನ್ನ ಪಾಟ್ಲಿ ಮಾರಿ ಕಟ್ಟಿದ್ದು. ನಿಂಗೆ ಗೊತ್ತುಂಟಾ?" ನಂಗೆ ಗೊತ್ತಿರ್ಲಿಲ್ಲ. ಮೂವತ್ತು ವರ್ಷ ಅದೇ ಅಡಿಗೆಮನೆಯಲ್ಲಿ ಇಬ್ಬರೂ ಒಟ್ಟಿಗೆ ದುಡಿದಿದ್ದೇವೆ, ಒಂದು ದಿನ ಹೇಳಲಿಲ್ಲ ಅವ್ರು. ಮರುದಿನ ಮಾವನ ಹಳೇ ಲೆಕ್ಕದ ಪುಸ್ತಕ ಹುಡುಕಿದೆ. ಚಿರೇಕಲ್ಲು ಎಷ್ಟು, ಸುಣ್ಣ ಎಷ್ಟು, ಆಳಿನ ಕೂಲಿ, ಕೆಲಸದವ್ರ ಚಾ, ಎಲ್ಲಾ ಸಮಾ ಬರ್ದಿದ್ದಾರೆ. ಪಾಟ್ಲಿ ಇಲ್ಲ. ಮಾವನದ್ದು ತಪ್ಪು ಅಂತ ನಾನು ಹೇಳೂದಿಲ್ಲ, ಅವ್ರು ಚಲೋ ಮನುಷ್ಯ. ಬರೀಬೇಕು ಅಂತ ಹೊಳೆದೇ ಇರ್ಲಿಕ್ಕಿಲ್ಲ.

ನಾನು ಇನ್ನೂರು ಪುಟದ ಒಂದು ನೋಟುಪುಸ್ತಕ ತಂದೆ. ಮೊದಲನೇ ಸಾಲಿಗೆ, ಅಡಿಗೆಮನೆ, ಅತ್ತೆಯವರ ಪಾಟ್ಲಿ ಎರಡು, ಅಂತ ಬರ್ದೆ. ಅದರ ಕೆಳಗಿಂದ ನನ್ನ ಲೆಕ್ಕ ಶುರು.

ಕೆಲಸ ಏಪ್ರಿಲಿನಲ್ಲಿ ಹದಿನಾಲ್ಕು ದಿನ. ಮರಕ್ಕೇ 62,000 ಹೋಯ್ತು. ಆಚಾರಿ, ಆಳು, ಒರಲೆ ಔಷಧಿ, ಮಾಡಿನ ನೀರು ಗೋಡೆಗೆ ಬೀಳದ ಹಾಗೆ ದೋಣಿ, ಮೀಟರು ಒಣ ಗೋಡೆಗೆ ಬದಲಿಸಿ ವಯರಿಂಗು, ಎಲ್ಲಾ ಸೇರಿ 1,77,000. ಒಡೆದ 350 ಹಂಚು ಮಾಜಾಳಿ ಕಡೆ ಕೆಡವಿದ ಒಂದು ಮನೆಯದ್ದು ಸಿಕ್ತು, ಒಂದಕ್ಕೆ 14 ರೂಪಾಯಿ. ನಮ್ಮನೆಯವ್ರು 40,000 ಕೊಟ್ರು, ಗೋವೆಯ ಮೈದುನ 20,000 ಕಳಿಸ್ದ. ಅತ್ತೆ ಮೂರು ತಿಂಗಳ ಗೃಹಲಕ್ಷ್ಮಿ ದುಡ್ಡು 6,000 ನನ್ನ ಕೈಗಿಟ್ಟು, "ಅಡಿಗೆಮನೆಗೆ ಗಾಜಿನ ಹಂಚು ಹಾಕ್ಸು, ನಂಗೆ ಈಗ ಕಣ್ಣು ಮಂಜು" ಅಂದ್ರು. ಹಾಕ್ಸಿದೆ. ಉಳಿದದ್ದಕ್ಕೆ ಹಪ್ಪಳದ ಡಬ್ಬಿ ಖಾಲಿ. ಗೋಡೆಗೆ ಈ ಸಲ ಸುಣ್ಣ ಮಾತ್ರ, ಅದನ್ನ ನಾನೂ ಮಗನೂ ಸೇರಿ ಬಳಿದೆವು. ಟೈಲ್ಸು ಹಾಗೇ ಅದೆ, ತೆಗೆಯೂಕೆ ದುಡ್ಡಿಲ್ಲ. ಅತ್ತೆ ನಡೆಯೂ ದಾರಿಗೆ ಗೋಣಿಚೀಲ ಹಾಸಿದೇನೆ, ನೋಡೂಕೆ ಚಂದ ಇಲ್ಲ.

ಪುಸ್ತಕಕ್ಕೆ ಎಲ್ಲರ ಸಹಿ ಬೇಕು ಅಂದಾಗ ಸ್ವಲ್ಪ ಗಲಾಟೆ ಆಯ್ತು. ಮನೆಯವ್ರ ಹತ್ರ ಸಹಿ ಕೇಳ್ತಾರಾ ಯಾರಾದ್ರೂ, ಅಂತ ನಮ್ಮನೆಯವ್ರೇ ಎರಡು ದಿನ ಮುಖ ಊದಿಸ್ಕಂಡ್ರು. ಪರಿಚಯದ ವಕೀಲರನ್ನ ಕೇಳ್ದೆ. ಪುಸ್ತಕದ ಸಹಿಯಿಂದ ನಿಮ್ಗೆ ಮನೆಯಲ್ಲಿ ಹಕ್ಕು ಬರೂದಿಲ್ಲ, ಪಾಲು ಬಿಟ್ಟುಕೊಡೂದಾದ್ರೆ ಪತ್ರ ರಿಜಿಸ್ಟರೇ ಆಗ್ಬೇಕು, ಆದ್ರೆ ಯಾರು ಎಷ್ಟು ಹಾಕಿದ್ರು ಅನ್ನೂದಕ್ಕೆ ಬರಹ ಇದ್ರೆ ಒಳ್ಳೇದೇ ಅಂದ್ರು. ನಂಗೆ ಬೇಕಾದ್ದೂ ಅಷ್ಟೇ. ನಾದ್ನಿ ಎರಡನೇ ಮಾತಾಡದೆ ಸಹಿ ಹಾಕಿ, ಮೊದಲ ಸಾಲು ಓದಿ ಕಣ್ಣೊರೆಸ್ಕಂಡ್ಳು. ಅತ್ತೆ ಹೆಬ್ಬೆಟ್ಟಲ್ಲ, ನಾಲ್ಕನೇತಿ ಓದಿದವ್ರು, ಕೈ ನಡುಗ್ತಾ ಪೂರಾ ಹೆಸರು ಬರ್ದ್ರು.

ಮೊದಲ ಮಳೆಗೆ ಒಂದು ಕಡೆ ಸೋರಿತು. ನೆತ್ತಿಯ ಹಂಚೊಂದನ್ನ ಮಂಗ ಸರಿಸಿತ್ತು, ಮರುದಿನ ಸರಿ ಮಾಡಿದ್ರು. ಆಮೇಲಿಂದ ಒಂದು ಹನಿ ಇಲ್ಲ. ಅತ್ತೆ ಮಾತ್ರ ರಾತ್ರಿ ಮಲಗೂವಾಗ ಹಿತ್ತಾಳೆ ಬೋಗುಣಿ ಮಂಚದ ಹತ್ರ ಈಗಲೂ ಕೇಳ್ತಾರೆ. ಇಟ್ಟು ಬರ್ತೇನೆ. ಬೆಳಿಗ್ಗೆ ಒಣಗಿದ್ದನ್ನೇ ಒಳಗೆ ತರ್ತೇನೆ.

ಅಕ್ಕಾ, ನಿನ್ನ ಪ್ರಶ್ನೆಗೆ ಇಷ್ಟೇ ಉತ್ತರ ನನ್ನ ಹತ್ರ ಇರೂದು. ಮುಂಬಯಿ ಭಾವನವರ ಸಹಿ ಇನ್ನೂ ಬಾಕಿ ಅದೆ. ಫೋನಿನಲ್ಲಿ, ನೋಡ್ವಾ, ಬಂದಾಗ ನೋಡ್ವಾ ಅಂದಿದ್ದಾರೆ. ಚೌತಿಗೆ ಎಲ್ಲರೂ ಬರ್ತಾರೆ. ಪುಸ್ತಕ ದೇವರ ಕೋಣೆಯಲ್ಲೇ ಇಟ್ಟಿದೇನೆ, ಪೆನ್ನೂ ಅಲ್ಲೇ ಅದೆ.