82ನೆಯ ನಿಮಿಷ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮಕ್ಕಳಿಗೆ ಹೇಳುತ್ತ 20 ವರ್ಷ ಕಳೆದವಳು ನಾನು. ಅದರ ಅರ್ಥ ನನಗೇ ಮನದಟ್ಟಾದದ್ದು ಮಾತ್ರ ತರಗತಿಯಲ್ಲಲ್ಲ. ಹೆಣ್ಣುಮಕ್ಕಳ ಕಾಲ್ಚೆಂಡಿನ ಪಂದ್ಯವೊಂದರಲ್ಲಿ.

ಮುಂಬಯಿಯ ಕನ್ನಡ ಶಾಲೆಗಳ ಸ್ಥಿತಿಯನ್ನು ವಾಚಕರು ಬಲ್ಲರು. ಬಾಲಕಿಯರ ತಂಡಕ್ಕೆ 11 ಮಂದಿ ಕೂಡಬೇಕಾದರೆ ಏಳನೆಯ ತರಗತಿಯಿಂದ ಹತ್ತನೆಯದರವರೆಗೆ ಹುಡುಕಬೇಕು. ಹೀಗೆ ಕೂಡಿಸಿದ ನಮ್ಮ ತಂಡ 2022ರ ಮಳೆಗಾಲ ಮುಗಿಯುತ್ತಿದ್ದಂತೆ ನೆರೆಯ ಶಾಲೆಯೊಂದರ ಎದುರು ಆಡಿತು. ಪಂದ್ಯ ಸಮವಾಗಿ ಮುಗಿಯುವುದರಲ್ಲಿತ್ತು. ಎದುರಾಳಿ ಒದ್ದ ಚೆಂಡನ್ನು ತಡೆಯಲೆಂದು ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಾಲು ಚಾಚಿದಳು. ಚೆಂಡು ದಿಕ್ಕು ತಪ್ಪಿ ನಮ್ಮ ಬಲೆಯನ್ನೇ ಹೊಕ್ಕಿತು. ತಂಡದ ಹೊಣೆ ಹೊತ್ತಿದ್ದ ನಾನು ಎಲ್ಲರಿಗೂ ಕೇಳುವಂತೆ, "ನಮ್ಮನ್ನು ಸೋಲಿಸಲು ಎದುರಾಳಿಗಳೇಕೆ? ನೀನೊಬ್ಬಳೇ ಸಾಕು!" ಎಂದುಬಿಟ್ಟೆ. ಕೆಲವರು ನಕ್ಕರು. ಮರುದಿನ ಆಕೆ ಒಗೆದು ಮಡಿಸಿದ ಆಟದ ಅಂಗಿಯನ್ನು ನನ್ನ ಮೇಜಿನ ಮೇಲಿಟ್ಟು, ಮಾತಿಲ್ಲದೆ ಹೊರಟುಹೋದಳು.

ಆ ಅಕ್ಟೋಬರಿನಲ್ಲಿ 17 ವರ್ಷದೊಳಗಿನ ಬಾಲಕಿಯರ ವಿಶ್ವಚಷಕ ನಮ್ಮ ದೇಶದಲ್ಲಿಯೇ ನಡೆಯಿತು. ಭುವನೇಶ್ವರದಲ್ಲಿ ಆಡಿದ ಭಾರತದ ಬಾಲಕಿಯರು ಅಮೆರಿಕಕ್ಕೆ 8, ಮೊರಾಕ್ಕೊಗೆ 3, ಬ್ರೆಜಿಲ್ಲಿಗೆ 5 ಗೋಲುಗಳನ್ನು ಬಿಟ್ಟುಕೊಟ್ಟು, ತಾವು ಒಂದನ್ನೂ ಹೊಡೆಯಲಾಗದೆ ಹಿಂದಿರುಗಿದ್ದರು. ಆದರೂ ಅಂತಿಮ ಪಂದ್ಯ ನವಿಮುಂಬಯಿಯಲ್ಲಿ ಎಂದ ಮೇಲೆ ನಮ್ಮ ಮಕ್ಕಳ ಉತ್ಸಾಹಕ್ಕೆ ಮೇರೆಯಿರಲಿಲ್ಲ. 30ನೆಯ ತಾರೀಖು, ಭಾನುವಾರ. ಹಾರ್ಬರ್ ಮಾರ್ಗದ ಗಾಡಿಯಲ್ಲಿ ನೆರೂಳಿಗೆ ಹೊರಟೆವು. ಎರಡು ದಿನಗಳಲ್ಲಿ ಬರಲಿದ್ದ ರಾಜ್ಯೋತ್ಸವಕ್ಕೆ ಕಲಿತ ಹಾಡುಗಳನ್ನು ಮಕ್ಕಳು ದಾರಿಯುದ್ದಕ್ಕೂ ಹಾಡಿದರು. ಗೆಳತಿಯರ ಬಲವಂತಕ್ಕೆ ಬಂದಿದ್ದ ಆ ಹುಡುಗಿ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು.

ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿ ರಾತ್ರಿ 8 ಗಂಟೆಗೆ ಸ್ಪೇನ್ ಮತ್ತು ಕೊಲಂಬಿಯ ತಂಡಗಳು ಎದುರುಬದುರಾದವು. ಸ್ಪೇನ್ ಹಿಂದಿನ ಸಲದ ವಿಜೇತ ತಂಡ. ಕೊಲಂಬಿಯದ ಕಡೆ ಲಿಂಡಾ ಕೈಸೆಡೊ ಇದ್ದಳು. 15ನೆಯ ವಯಸ್ಸಿನಲ್ಲಿ ಅರ್ಬುದ ರೋಗವನ್ನು ಗೆದ್ದು ಮತ್ತೆ ಮೈದಾನಕ್ಕೆ ಬಂದ ಬಾಲೆ. ಅವಳ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ನಮ್ಮ ಮಕ್ಕಳು ಎದ್ದು ನಿಲ್ಲುತ್ತಿದ್ದರು. ಗೋಲು ಮಾತ್ರ ಯಾರಿಂದಲೂ ಆಗಲಿಲ್ಲ.

82ನೆಯ ನಿಮಿಷದಲ್ಲಿ ಅದು ನಡೆಯಿತು. ಸ್ಪೇನಿನ ಆಕ್ರಮಣವೊಂದರಲ್ಲಿ ಚೆಂಡು ಕೊಲಂಬಿಯದ ರಕ್ಷಕಿ ಅನಾ ಮರಿಯಾ ಗುಸ್ಮಾನಳಿಗೆ ತಗುಲಿ, ಅವಳದೇ ತಂಡದ ಬಲೆಯೊಳಗೆ ಹೊರಳಿತು. ವಿಶ್ವಚಷಕ ಸ್ಪೇನಿನ ಪಾಲಾಯಿತು. ಇಡೀ ಪಂದ್ಯಕ್ಕೆ ಅದೊಂದೇ ಗೋಲು.

ನಾನು ಮೈದಾನವನ್ನು ಬಿಟ್ಟು ನನ್ನ ವಿದ್ಯಾರ್ಥಿನಿಯ ಕಡೆ ನೋಡಿದೆ. ಸುತ್ತಲೂ ಕೇಕೆ, ಚಪ್ಪಾಳೆ. ಆಕೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಲ್ಲಿಯವರೆಗೆ ಹೊಳೆಯದಿದ್ದ ಸರಳ ಸಂಗತಿಯೊಂದು ನನಗಾಗ ಹೊಳೆಯಿತು. ರಕ್ಷಣೆಗೆ ನಿಂತವಳು ಎಷ್ಟೋ ಸಲ ತನ್ನ ಗೋಲಿನತ್ತ ಮುಖಮಾಡಿಯೇ ಓಡಬೇಕು. ಚೆಂಡು ಅಂಗುಲದಷ್ಟು ಅತ್ತಿತ್ತಾದರೆ ಅವಳು ತಂಡವನ್ನು ಉಳಿಸಿದವಳು, ಇಲ್ಲವಾದರೆ ಕೆಡಿಸಿದವಳು. ತಡೆಯಲು ಮುಂದಾದವಳಿಗೇ ಈ ಅಪವಾದ; ದೂರ ನಿಂತು ನೋಡಿದವರಿಗೆ ಯಾವ ಅಪವಾದವೂ ಇಲ್ಲ. ಅಂದು ನಾನು ದೂರ ನಿಂತವಳಾಗಿದ್ದೆ.

ಹಿಂದಿರುಗುವಾಗ ಗಾಡಿಯಲ್ಲಿ ಆಕೆ ನನ್ನ ಪಕ್ಕದಲ್ಲಿ ಬಂದು ಕುಳಿತಳು. ಬಹಳ ಹೊತ್ತಿನ ಮೇಲೆ ಮೆಲ್ಲನೆ ಕೇಳಿದಳು: "ಟೀಚರ್, ಅವಳ ಟೀಚರು ಅವಳಿಗೆ ಏನೆಂದಿರಬಹುದು?"

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ತಂಡದವರನ್ನೆಲ್ಲ ಕರೆಸಿ, ನಗುವಿಗೆ ಸಾಕ್ಷಿಯಾಗಿದ್ದವರೆಲ್ಲರ ಎದುರಿನಲ್ಲೇ ಆಕೆಯ ಕ್ಷಮೆ ಕೇಳಿದೆ. ಅಂಗಿಯನ್ನು ಆಕೆ ತೆಗೆದುಕೊಂಡಳು. ಆದರೆ ಆಡಲು ಬರಲಿಲ್ಲ. ನಾನೂ ಒತ್ತಾಯಿಸಲಿಲ್ಲ.

2023ರ ಆಗಸ್ಟ್ 8ರಂದು ಮೆಲ್ಬರ್ನಿನಲ್ಲಿ, ಹಿರಿಯ ಮಹಿಳೆಯರ ವಿಶ್ವಚಷಕದಲ್ಲಿ, ಕೊಲಂಬಿಯ ಜಮೈಕವನ್ನು ಎದುರಿಸಿತು. 51ನೆಯ ನಿಮಿಷದಲ್ಲಿ ದೂರದಿಂದ ತೇಲಿಬಂದ ಚೆಂಡನ್ನು ಕ್ಯಾಟಲಿನಾ ಉಸ್ಮೆ ಗೋಲಾಗಿಸಿದಳು. ಆ ಒಂದೇ ಗೋಲಿನಿಂದ ಕೊಲಂಬಿಯ ಮೊಟ್ಟಮೊದಲ ಸಲ ಕೊನೆಯ ಎಂಟು ತಂಡಗಳಲ್ಲಿ ಒಂದಾಯಿತು. ಚೆಂಡನ್ನು ತೇಲಿಸಿಕೊಟ್ಟವಳು ಅನಾ ಗುಸ್ಮಾನ್. ನೆರೂಳಿನ ಆ ರಾತ್ರಿಯ ಅದೇ ಹುಡುಗಿ.

ಸುದ್ದಿಯನ್ನು ಒಂದು ಹಾಳೆಯಲ್ಲಿ ಕನ್ನಡಿಸಿ ಬರೆದು ನನ್ನ ವಿದ್ಯಾರ್ಥಿನಿಗೆ ಕೊಟ್ಟೆ. ಆಕೆ ಎರಡು ಸಲ ಓದಿ, ಮಡಿಸಿ, ಗಣಿತದ ಪುಸ್ತಕದೊಳಗಿಟ್ಟಳು. ಬಾಗಿಲವರೆಗೆ ಹೋಗಿ ತಿರುಗಿ, "ಇಂದು ಸಂಜೆ ಅಭ್ಯಾಸವಿದೆಯೆ?" ಎಂದಳು.

ಈ ಸಂಚಿಕೆಯನ್ನು ವಿದ್ಯಾರ್ಥಿಗಳು ಓದುವರು, ಪಾಲಕರೂ ಓದುವರು. ನಾನಿದನ್ನು ಮುಖ್ಯವಾಗಿ ಬರೆದದ್ದು ನನ್ನಂತಹ ಉಪಾಧ್ಯಾಯರಿಗಾಗಿ. ಮಕ್ಕಳ ತಪ್ಪು ಆಟ ಮುಗಿದೊಡನೆ ಮುಗಿಯುತ್ತದೆ. ನಮ್ಮ ಮಾತು ಹಾಗಲ್ಲ.