ಇವತ್ತು ಸಿಆರ್‌ಪಿ ಎಷ್ಟಂತೆ?

ನಿಮ್ಮ ವಾಟ್ಸಾಪ್‌ನಲ್ಲಿ 2021ರ ಏಪ್ರಿಲ್, ಮೇ ತಿಂಗಳಿಗೆ ಒಮ್ಮೆ ಸ್ಕ್ರೋಲ್ ಮಾಡಿ ನೋಡಿ. ಡಿಲೀಟ್ ಮಾಡಿಲ್ಲ ಅಂದ್ರೆ ಒಂದಾದರೂ ಲ್ಯಾಬ್ ರಿಪೋರ್ಟಿನ ಪಿಡಿಎಫ್ ಸಿಕ್ಕೇ ಸಿಗುತ್ತೆ. ಸಿಆರ್‌ಪಿ, ಡಿ-ಡೈಮರ್, ಫೆರಿಟಿನ್, ಎಲ್‌ಡಿಎಚ್, ಐಎಲ್-6. ಅಲ್ಲಿಯವರೆಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿದ್ದ ರಕ್ತಪರೀಕ್ಷೆ ಅಂದ್ರೆ ಶುಗರ್ರು, ಹಿಮೋಗ್ಲೋಬಿನ್ನು, ಹೆಚ್ಚೆಂದರೆ ಥೈರಾಯ್ಡು. ಎರಡನೇ ಅಲೆ ಬಂದ ಮೇಲೆ ನಮ್ಮೂರಿನ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತವರೂ ಡಿ-ಡೈಮರ್ ಬಗ್ಗೆ ಮಾತಾಡೋ ಹಾಗಾಯ್ತು.

ನಮ್ಮೂರು ತಿಪಟೂರಿನ ಹತ್ತಿರ. ಅಲ್ಲಿ ಕೊಬ್ಬರಿ ರೇಟು ಕೇಳೋದು ನಮಸ್ಕಾರ ಹೇಳಿದ ಹಾಗೆ. ಅಪ್ಪ ಐಸಿಯುನಲ್ಲಿದ್ದ ಹದಿಮೂರು ದಿನವೂ ಚಿಕ್ಕಪ್ಪ ಅದೇ ಧಾಟಿಯಲ್ಲಿ ಫೋನ್ ಮಾಡ್ತಿದ್ದರು. "ಇವತ್ತು ಸಿಆರ್‌ಪಿ ಎಷ್ಟಂತೆ?" ಒಳಗೆ ಯಾರನ್ನೂ ಬಿಡ್ತಿರಲಿಲ್ಲ. ಅಪ್ಪನ ಕಡೆಯಿಂದ ದಿನಕ್ಕೊಂದು ಸಲ ಹೊರಗೆ ಬರ್ತಿದ್ದುದು ಆ ಪಿಡಿಎಫ್ ಒಂದೇ. ತಮ್ಮ ಆಸ್ಪತ್ರೆ ಗೇಟಿನ ಹತ್ತಿರ, ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಪಾಸಿಟಿವ್ ಆಗಿ ಒಳಗೆ. ಪಿಡಿಎಫ್ ಬಂದ ತಕ್ಷಣ ಎಕ್ಸೆಲ್‌ಗೆ ಹಾಕಿ ಗ್ರಾಫ್ ಎಳೀತಿದ್ದೆ. ಬೇರೇನು ಮಾಡೋಕಾಗುತ್ತಿತ್ತು?

ಈ ಅಂಕಿಗಳು ಏನು ಹೇಳುತ್ತವೆ ಅಂತ ಆಮೇಲೆ ತುಂಬಾ ಓದಿದ್ದೇನೆ. ಸಿಆರ್‌ಪಿಯ ಕತೆ ಶುರುವಾಗಿದ್ದೇ ನ್ಯುಮೋನಿಯಾದಿಂದ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಇನ್‌ಸ್ಟಿಟ್ಯೂಟಿನಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಅನ್ನೋ ಇಬ್ಬರು, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಿಚಿತ್ರ ವಸ್ತು ನೋಡಿದರು. ನ್ಯುಮೋಕಾಕಸ್ ಬ್ಯಾಕ್ಟೀರಿಯಾದ 'ಸಿ' ಅನ್ನೋ ಅಂಶಕ್ಕೆ ಅದು ಅಂಟಿಕೊಳ್ಳುತ್ತಿತ್ತು. ಕಾಯಿಲೆ ವಾಸಿಯಾದ ಮೇಲೆ ಮಾಯವಾಗುತ್ತಿತ್ತು. ಅದು ತಯಾರಾಗೋದು ಲಿವರಿನಲ್ಲಿ. ಒಳಗೆ ಎಲ್ಲೋ ಉರಿಯೂತ ಆದಾಗ ಐಎಲ್-6 ಅನ್ನೋ ಸಂದೇಶ ಲಿವರಿಗೆ ತಲುಪುತ್ತೆ, ಲಿವರ್ ಸಿಆರ್‌ಪಿ ಸುರಿಯುತ್ತೆ. ಎಲ್‌ಡಿಎಚ್ ಅಂದ್ರೆ ಜೀವಕೋಶ ಒಡೆದಾಗ ಸೋರೋ ವಸ್ತು. ಡಿ-ಡೈಮರ್ ಅಂದ್ರೆ ಹೆಪ್ಪುಗಟ್ಟಿದ ರಕ್ತವನ್ನ ದೇಹ ಕರಗಿಸುವಾಗ ಉಳಿಯೋ ಚೂರು. ಅಂಗಳದಲ್ಲಿ ಚಿಪ್ಪು ಬಿದ್ದಿದ್ದರೆ ಒಳಗೆ ಕಾಯಿ ಒಡೆದಿದ್ದಾರೆ ಅಂತ ಗೊತ್ತಾಗುತ್ತೆ. ಯಾಕೆ ಒಡೆದರು, ಇನ್ನೆಷ್ಟು ಒಡೀತಾರೆ ಅನ್ನೋದು ಚಿಪ್ಪಿನಲ್ಲಿ ಬರೆದಿರಲ್ಲ. (ಅದರ ಯೂನಿಟ್ಟಿನ ಗೋಳೇ ಬೇರೆ. ಒಂದು ಲ್ಯಾಬ್ 0.9 ಅಂತ ಕೊಟ್ಟರೆ ಇನ್ನೊಂದು 900 ಅಂತ ಕೊಡುತ್ತೆ, ಎರಡೂ ಒಂದೇ. ಅದನ್ನ ನೋಡಿ ಕುಸಿದು ಕೂತ ಮನೆಗಳು ಎಷ್ಟಿದ್ದವೋ.)

ಈ ಅಂಕಿಗಳಿಂದ ಭವಿಷ್ಯ ಹೇಳಬಹುದಾ? ಒಂದು ಮಟ್ಟಿಗೆ ಹೌದು. ವುಹಾನಿನ ಎರಡು ಆಸ್ಪತ್ರೆಗಳ 191 ರೋಗಿಗಳ ಅಧ್ಯಯನ 2020ರ ಮಾರ್ಚ್‌ನಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಸೇರಿದ ದಿನ ಡಿ-ಡೈಮರ್ 1 ಮೈಕ್ರೋಗ್ರಾಂಗಿಂತ ಹೆಚ್ಚಿದ್ದವರಲ್ಲಿ ಸಾವು ಹೆಚ್ಚು ಅಂತ ಅದು ತೋರಿಸಿತು. ಎರಡು ತಿಂಗಳಾದ ಮೇಲೆ ವುಹಾನಿನಿಂದಲೇ ಇನ್ನೊಂದು ಪೇಪರ್, ನಮ್ಮಂಥ ಇಂಜಿನಿಯರುಗಳಿಗೆ ಬಾಯಲ್ಲಿ ನೀರೂರಿಸುವಂಥದ್ದು. 485 ರೋಗಿಗಳ ಡೇಟಾ, ಮಷಿನ್ ಲರ್ನಿಂಗ್, ಕೊನೆಗೆ ಉಳಿದದ್ದು ಮೂರೇ ಪ್ರಶ್ನೆ: ಎಲ್‌ಡಿಎಚ್ 365ಕ್ಕಿಂತ ಕಮ್ಮಿಯಾ? ಸಿಆರ್‌ಪಿ 41.2ಕ್ಕಿಂತ ಕಮ್ಮಿಯಾ? ಲಿಂಫೋಸೈಟ್ 14.7 ಪರ್ಸೆಂಟಿಗಿಂತ ಜಾಸ್ತಿಯಾ? ಮೂರು ಇಫ್-ಎಲ್ಸ್, ತೊಂಬತ್ತು ಪರ್ಸೆಂಟಿಗಿಂತ ಹೆಚ್ಚು ನಿಖರ. ಆಮೇಲೆ ನೆದರ್‌ಲ್ಯಾಂಡ್ಸ್, ಫ್ರಾನ್ಸ್, ನ್ಯೂಯಾರ್ಕಿನವರು ತಮ್ಮ ತಮ್ಮ ರೋಗಿಗಳ ಮೇಲೆ ಇದನ್ನ ಓಡಿಸಿ ನೋಡಿದರು. ಅಲ್ಲಿ ಅಷ್ಟು ಚೆನ್ನಾಗಿ ನಡೀಲಿಲ್ಲ. ಮಾಡೆಲ್ಲಿಗೆ ಕಲಿಸಿದ್ದು ಪ್ರತಿ ರೋಗಿಯ ಕೊನೆಯ ರಕ್ತದ ಸ್ಯಾಂಪಲ್ಲಿನಿಂದ. ಕೊನೇ ಓವರ್ ತೋರಿಸಿ ಕಲಿಸಿದವನನ್ನ ಟಾಸ್ ಹೊತ್ತಲ್ಲಿ ಕೂರಿಸಿಕೊಂಡು ಮ್ಯಾಚ್ ಯಾರದ್ದು ಅಂತ ಕೇಳಿದ ಹಾಗೆ.

ಆರನೇ ದಿನ ಚಿಕ್ಕಪ್ಪ ರೇಟು ಕೇಳಲಿಲ್ಲ. "ನೋಡಪ್ಪಾ, ತೋಟಕ್ಕೆ ಒಂದು ಪಾರ್ಟಿ ಬಂದೈತೆ. ಕೊಡೋದು ಬಿಡೋದು ಆಮೇಲೆ. ನೀನು ಕಂಪ್ಯೂಟರ್ ಓದಿದೋನು, ಲೆಕ್ಕ ಹಾಕಿ ಹೇಳು. ಅಣ್ಣ ಉಳೀತಾನಾ?"

ಎರಡು ಎಕರೆ ತೆಂಗು. ಅಪ್ಪ ಅದನ್ನ ಕೈಯಾರೆ ನೆಟ್ಟಿದ್ದು. ಚಿಕ್ಕಪ್ಪನ ಪ್ರಶ್ನೆ ಕ್ರೂರ ಅನ್ನಿಸಬಹುದು ನಿಮಗೆ. ನನಗೆ ಅನ್ನಿಸಲಿಲ್ಲ. ಹಳ್ಳಿಯಲ್ಲಿ ಆಸ್ಪತ್ರೆ ಬಿಲ್ಲಿಗೂ ಉಳಿಯೋ ಚಾನ್ಸಿಗೂ ತಾಳೆ ಹಾಕಿ ನೋಡದ ಮನೆ ಇಲ್ಲ, ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೆ.

ಲೆಕ್ಕ ಹಾಕಿದೆ. 4ಸಿ ಅಂತ ಒಂದು ಸ್ಕೋರ್ ಇದೆ. ಬ್ರಿಟನ್ನಿನಲ್ಲಿ 35,463 ರೋಗಿಗಳ ಡೇಟಾದಿಂದ ಕಟ್ಟಿ, ಇನ್ನೂ 22,361 ಜನರ ಮೇಲೆ ಪರೀಕ್ಷಿಸಿದ್ದು. ಒಟ್ಟು 21 ಅಂಕ. ಆಸ್ಪತ್ರೆಗೆ ಸೇರಿದ ದಿನದ್ದು ಹಾಕಬೇಕು. ಅಪ್ಪನ ಸಿಆರ್‌ಪಿ ಅವತ್ತು 148, ಅದಕ್ಕೆ 2. ಬ್ಲಡ್ ಯೂರಿಯಾ 56, ಅದಕ್ಕೆ 1. ನಿಮಿಷಕ್ಕೆ 32 ಸಲ ಉಸಿರು, 2. ಆಕ್ಸಿಜನ್ 86, 2. ಗಂಡಸಾಗಿದ್ದಕ್ಕೆ 1, ಸಕ್ಕರೆ ಕಾಯಿಲೆಗೆ 1. ಪ್ರಜ್ಞೆ ಸರಿಯಾಗಿತ್ತು, ಸೊನ್ನೆ. ವಯಸ್ಸು 71, ಅದಕ್ಕೆ 6. ಒಟ್ಟು 15. ಆ ಪಟ್ಟಿಯಲ್ಲಿ 15 ಮತ್ತು ಮೇಲಿನವರಲ್ಲಿ ನೂರಕ್ಕೆ 62 ಜನ ತೀರಿಕೊಂಡಿದ್ದರು.

ಸ್ವಲ್ಪ ಹೊತ್ತು ಸುಮ್ಮನೆ ಸ್ಕ್ರೀನ್ ನೋಡ್ತಾ ಕೂತಿದ್ದೆ. ಆಮೇಲೆ ಕಣ್ಣಿಗೆ ಬಿದ್ದದ್ದು ಆ 6. ಇಷ್ಟೆಲ್ಲ ರಕ್ತ ಹೀರಿ ಲ್ಯಾಬಿನವರು ಕೊಟ್ಟಿದ್ದು ಮೂರು ಅಂಕ, ಆಧಾರ್ ಕಾರ್ಡ್ ಒಂದೇ ಕೊಟ್ಟಿದ್ದು ಆರು. ಅಪ್ಪನ ಆಧಾರಿನಲ್ಲಿ ಹುಟ್ಟಿದ ದಿನ 01-01-1950. ನಮ್ಮೂರಿನಲ್ಲಿ ಆ ವಯಸ್ಸಿನವರು ಅರ್ಧಕ್ಕರ್ಧ ಹುಟ್ಟಿರೋದು ಜನವರಿ ಒಂದಕ್ಕೇ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡಿದ್ದು. ಅಜ್ಜಿಯನ್ನ ಕೇಳಿದ್ರೆ "ಕೆರೆ ಕೋಡಿ ಬಿದ್ದ ವರ್ಷ" ಅಂತಿದ್ದಳು, ಯಾವ ವರ್ಷ ಬಿತ್ತೋ. ಮೇಷ್ಟ್ರು ಎರಡು ವರ್ಷ ಹೆಚ್ಚಿಗೆ ಬರೆದಿದ್ದರೆ ಅಪ್ಪನಿಗೆ 69. ಅರವತ್ತರ ದಶಕಕ್ಕೆ 4 ಅಂಕ, ಒಟ್ಟು 13. ಅಂದ್ರೆ ಕೆಳಗಿನ ಗುಂಪು. ಅಲ್ಲಿ ತೀರಿಕೊಂಡವರು ನೂರಕ್ಕೆ 31. ಯಾವುದೋ ಕಾಲದ ಮೇಷ್ಟ್ರ ಪೆನ್ನಿನ ಮೇಲೆ ನಮ್ಮ ತೋಟ ನಿಂತಿತ್ತು.

ಆ ಸ್ಕೋರ್ ಕಟ್ಟಿದವರ ತಪ್ಪೇನೂ ಇಲ್ಲ. ಐವತ್ತು ಜನ ಒಟ್ಟಿಗೆ ಬಾಗಿಲಿಗೆ ಬಂದು ನಿಂತಾಗ ಮೊದಲು ಯಾರ ಕಡೆ ಓಡಬೇಕು ಅನ್ನೋ ಡಾಕ್ಟರಿಗೆ ಅದು ಕೆಲಸಕ್ಕೆ ಬರುತ್ತೆ. ನೂರು ಜನರ ಬಗ್ಗೆ ಕೇಳಿದ್ರೆ ಉತ್ತರ ಇದೆ. ಚಿಕ್ಕಪ್ಪ ಕೇಳಿದ್ದು ಒಬ್ಬರ ಬಗ್ಗೆ. "ಲೆಕ್ಕ ಬಗೆಹರಿಯಲ್ಲ ಚಿಕ್ಕಪ್ಪ, ತೋಟ ಈಗಲೇ ಬೇಡ, ನಾನು ಲೋನ್ ತಗೋತೀನಿ" ಅಂದೆ. ಅವರು ಹೂಂ ಅಂದರು. ಅವರಿಗೂ ಅದೇ ಬೇಕಿತ್ತೇನೋ.

ಅಪ್ಪನಿಗೆ ಸ್ಟಿರಾಯ್ಡ್ ಶುರುವಾಗಿತ್ತು. ಏಳನೇ ದಿನ ಟೋಸಿಲಿಜುಮ್ಯಾಬ್ ಕೊಟ್ಟರು. ಇಂಜೆಕ್ಷನ್ನಿಗೆ ಗೆಳೆಯರೆಲ್ಲ ಇಡೀ ರಾತ್ರಿ ಫೋನ್ ಹಿಡಿದು ಕೂತಿದ್ದರು. ಮಾರನೇ ದಿನದಿಂದ ಗ್ರಾಫ್ ಜಾರುಬಂಡೆ ಥರ ಇಳಿಯಿತು. 130, 61, 28. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಫ್ಯಾಮಿಲಿ ಗ್ರೂಪಿನಲ್ಲಿ ಹೂವು, ಕೈಮುಗಿದ ಇಮೋಜಿ. ಆದರೆ ತಮ್ಮ ಸಂಜೆ ನರ್ಸನ್ನ ಕೇಳಿ ಹೇಳ್ತಿದ್ದ ಆಕ್ಸಿಜನ್ ಮಾತ್ರ ಕಮ್ಮಿಯಾಗ್ತಾ ಇರಲಿಲ್ಲ.

ಆ ಔಷಧಿ ಮಾಡೋದೇ ಐಎಲ್-6ನ ದಾರಿ ಮುಚ್ಚೋ ಕೆಲಸ. ಸಂದೇಶ ತಲುಪದಿದ್ದರೆ ಲಿವರ್ ಸಿಆರ್‌ಪಿ ಮಾಡಲ್ಲ. ಶ್ವಾಸಕೋಶ ಸುಧಾರಿಸಲಿ, ಬಿಡಲಿ, ಅಂಕಿ ಇಳಿಯುತ್ತೆ. ಸ್ಟಿರಾಯ್ಡಿನಿಂದಲೂ ಅಷ್ಟೇ, ಮೇಲಾಗಿ ಅದು ನ್ಯೂಟ್ರೋಫಿಲ್ ಏರಿಸಿ ಆ ಲೆಕ್ಕವನ್ನೂ ಕೆಡಿಸುತ್ತೆ. ಆನ್-ಕಾಲ್ ಮಾಡಿದವರಿಗೆ ಬೇಗ ಅರ್ಥ ಆಗುತ್ತೆ ಇದು: ಅಲರ್ಟ್ ಕಳಿಸೋ ಸರ್ವಿಸನ್ನೇ ನಿಲ್ಲಿಸಿದರೆ ಡ್ಯಾಶ್‌ಬೋರ್ಡ್ ಹಸಿರಾಗುತ್ತೆ. ಔಷಧಿ ಸುಳ್ಳಲ್ಲ. ಬ್ರಿಟನ್ನಿನ ರಿಕವರಿ ಟ್ರಯಲ್‌ನಲ್ಲಿ ಅದನ್ನ ಕೊಟ್ಟವರಲ್ಲಿ 28 ದಿನದೊಳಗೆ ನೂರಕ್ಕೆ 31 ಜನ, ಕೊಡದವರಲ್ಲಿ 35 ಜನ ತೀರಿಕೊಂಡಿದ್ದರು. ನೂರಕ್ಕೆ ನಾಲ್ಕು ಜೀವ, ಸಣ್ಣದಲ್ಲ. ಆ ಟ್ರಯಲ್ಲಿಗೆ ಜನರನ್ನ ಆರಿಸಿದ್ದೂ ಸಿಆರ್‌ಪಿ 75 ಮುಟ್ಟಿರಬೇಕು ಅನ್ನೋ ನಿಯಮದಿಂದ. ಔಷಧಿ ಯಾರಿಗೆ ಅಂತ ಹೇಳೋಕೆ ಸಿಆರ್‌ಪಿ ಬೇಕು. ಔಷಧಿ ಕೊಟ್ಟ ಮೇಲೆ ಅದನ್ನ ಏನೂ ಕೇಳೋ ಹಾಗಿಲ್ಲ.

ಇದನ್ನ ಹತ್ತನೇ ದಿನ ತಮ್ಮನಿಗೆ ಹೇಳಿದೆ. ಅಮ್ಮನಿಗೆ ಹೇಳಲಿಲ್ಲ. ಆದರೂ ಅವಳೇ ಫೋನಿನಲ್ಲಿ ಅಂದಳು, "ಅಲ್ಲ ಕಣೋ, ಎಲ್ಲಾ ಕಮ್ಮಿಯಾಗ್ತೈತೆ ಅಂತೀರ, ಮತ್ತೆ ಅವ್ರು ಯಾಕೆ ಒಂದ್ಸಲನೂ ಮಾತಾಡ್ತಿಲ್ಲ? ಹಾಲಿನ ಡಿಗ್ರಿ ನೋಡಿ ಹಸು ಮೇಲಕ್ಕೆ ಎದ್ದೈತೋ ಇಲ್ವೋ ಅಂತ ಹೇಳೋಕಾಗುತ್ತಾ?" ಐವತ್ತು ವರ್ಷ ಡೈರಿಗೂ ಕೊಟ್ಟಿಗೆಗೂ ಓಡಾಡಿದವಳು.

ಹದಿಮೂರನೇ ದಿನ ಬೆಳಗಿನ ಜಾವ ಅಪ್ಪ ಹೋದರು. ಎರಡು ಗಂಟೆ ಬಿಟ್ಟು ಲ್ಯಾಬಿನ ಲಿಂಕ್ ಬಂತು, ಹಿಂದಿನ ರಾತ್ರಿಯ ಸ್ಯಾಂಪಲ್. ಸಿಆರ್‌ಪಿ 4. ನಾರ್ಮಲ್.

ಅವತ್ತಿನಿಂದ ನಾನು ಗುರುತಿನವರಿಗೆಲ್ಲ ರಿಪೋರ್ಟ್ ಓದೋನು. ಈಗಲೂ ಯಾರೋ ಒಬ್ಬರು ಸ್ಕ್ರೀನ್‌ಶಾಟ್ ಕಳಿಸ್ತಾರೆ. ಬರೀ ನೆಗಡಿ ಕೆಮ್ಮಿಗೂ ಪೂರ್ತಿ ಪ್ಯಾನೆಲ್ ಮಾಡಿಸಿಕೊಂಡವರು ಅದರಲ್ಲಿ ಜಾಸ್ತಿ. 2021ರ ಮೇನಲ್ಲಿ ಏಮ್ಸ್ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ ಸೌಮ್ಯ ಲಕ್ಷಣದವರು ಸುಮ್ಮಸುಮ್ಮನೆ ಇವನ್ನ ಮಾಡಿಸಬೇಡಿ ಅಂತ ಹೇಳಿದ್ದರು, ಯಾರು ಕೇಳ್ತಾರೆ. ನಿಜವಾಗಿ ಕಾಯಿಲೆ ಜೋರಿದ್ದವರಿಗೆ ನಾನು ಹೇಳೋದು, ನಿನ್ನೆಯದ್ದೂ ಮೊನ್ನೆಯದ್ದೂ ಕಳಿಸಿ ಅಂತ. ಮಾಮೂಲಿ ನ್ಯುಮೋನಿಯಾದಲ್ಲಿ ನಾಲ್ಕನೇ ದಿನಕ್ಕೂ ಸಿಆರ್‌ಪಿ ಅರ್ಧಕ್ಕೆ ಇಳಿದಿಲ್ಲ ಅಂದ್ರೆ ಡಾಕ್ಟರು ಮತ್ತೊಮ್ಮೆ ಯೋಚನೆ ಮಾಡ್ತಾರೆ. ಒಂದೇ ದಿನದ ಅಂಕಿಗೆ ಅಷ್ಟು ತೂಕ ಇಲ್ಲ.

ಕಳೆದ ತಿಂಗಳು ನಮ್ಮ ಟೀಮಿನ ಹುಡುಗನ ತಾಯಿಗೆ ನ್ಯುಮೋನಿಯಾ. ಸಿಆರ್‌ಪಿ 180 ಅಂತ ಸ್ಟ್ಯಾಂಡಪ್ ಮಧ್ಯೆಯೇ ಪಿಂಗ್ ಮಾಡಿದ. "ಸೀರಿಯಸ್ಸಾ?" ನಾನು ಕೇಳಿದೆ, ಆಕ್ಸಿಜನ್ ಎಷ್ಟು ಲೀಟರ್? ನಿನ್ನೆ ಎಷ್ಟಿತ್ತು? ಸ್ಟಿರಾಯ್ಡ್ ಕೊಡ್ತಿದ್ದಾರಾ? ಮಾತಾಡ್ತಾರಾ, ಏನಾದ್ರೂ ತಿಂದ್ರಾ? ಅವನು ವಾರ್ಡಿಗೆ ಹೋಗಿ ಬರ್ತೀನಿ ಅಂದ. ಇಪ್ಪತ್ತು ನಿಮಿಷ ಬಿಟ್ಟು ಬರೆದ: ಆರು ಲೀಟರಿನಿಂದ ನಾಲ್ಕಕ್ಕೆ ಇಳಿಸಿದ್ದಾರೆ, ಎರಡು ಇಡ್ಲಿ ತಿಂದ್ರಂತೆ, ಚಟ್ನಿ ಚೆನ್ನಾಗಿಲ್ಲ ಅಂತ ಬೈತಿದ್ದಾರೆ.